ಹೆಣ ಮುಟ್ಟಿದ್ದು ಯಾರು, ಸಹಿ ಹಾಕಿದ್ದು ಯಾರು: ಇಂಗ್ಲೆಂಡಿನ ಹಳ್ಳಿ ಪತ್ತೇದಾರಿ ಕಾದಂಬರಿ ಓದುವವರಿಗೆ

ಇಂಗ್ಲೆಂಡಿನ ಪತ್ತೇದಾರಿ ಕಾದಂಬರಿಗಳಲ್ಲಿ ಒಂದು ಪಂಗಡ ಇದೆ. ಹಳ್ಳಿ, ಚರ್ಚು, ಅದರ ಸುತ್ತ ಸಮಾಧಿಗಳು, ಬಿಡದೆ ಸುರಿಯುವ ಮಳೆ. ಕೊಲೆ ಆಗುತ್ತದೆ, ಪೊಲೀಸರೂ ಬರುತ್ತಾರೆ. ಆದರೆ ಕಥೆಯೆಲ್ಲ ಸುತ್ತುವುದು ಹೆಣ ಸಾಗಿಸುವವನ ಅಂಗಡಿಯ ಸುತ್ತ. ಶವಪೆಟ್ಟಿಗೆ ಮಾಡುವ ಬಡಗಿ, ಹೆಣ ತೊಳೆದು ಬಟ್ಟೆ ಉಡಿಸುವ ಹೆಂಗಸು, ಗುಂಡಿ ತೋಡುವ ಮುದುಕ, ಪಾದ್ರಿ, ಊರ ಡಾಕ್ಟರು. ಓದಲು ಕೂತರೆ ಬಿಡಲು ಮನಸ್ಸು ಬರುವುದಿಲ್ಲ. ಆದರೆ ನಮ್ಮಂಥವರು ಐವತ್ತನೇ ಪುಟದ ಹೊತ್ತಿಗೆ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತೇವೆ. ಸತ್ತು ವಾರ ಆದರೂ ಯಾಕೆ ಮಣ್ಣು ಮಾಡಿಲ್ಲ? ಈ ಕರೋನರ್ ಅಂದರೆ ಯಾರು, ಜಡ್ಜಾ, ಪೊಲೀಸಾ? ಹೂಳುವ ಬದಲು ಸುಡುತ್ತೇವೆ ಅಂದಕೂಡಲೇ ಪತ್ತೇದಾರನ ಹುಬ್ಬು ಯಾಕೆ ಗಂಟಾಗುತ್ತದೆ?

ಇವು ಗೊತ್ತಿಲ್ಲದಿದ್ದರೆ ಕಥೆ ಅರ್ಥ ಆಗುವುದೇ ಇಲ್ಲ ಅಂತೇನಿಲ್ಲ. ಆದರೆ ಲೇಖಕರು ಎದುರಿಗೇ ಇಟ್ಟ ಸುಳಿವುಗಳಲ್ಲಿ ಅರ್ಧ ಕಣ್ಣಿಗೆ ಬೀಳದೆ ಹೋಗುತ್ತವೆ. ಯಾಕೆಂದರೆ ಈ ಕಥೆಗಳಲ್ಲಿ ಕೊಲೆಗಾರ ಮೊದಲು ದಾಟಬೇಕಾದದ್ದು ಕಾಗದಗಳನ್ನು. ಪತ್ತೇದಾರ ಎದುರಾಗುವುದು ಆಮೇಲೆ. ಸಾವಿಗೂ ಗುಂಡಿಗೂ ನಡುವೆ ನಾಲ್ಕೈದು ಬಾಗಿಲುಗಳಿವೆ. ಒಂದೊಂದರಲ್ಲೂ ಒಬ್ಬೊಬ್ಬರು ಕೂತಿರುತ್ತಾರೆ. ಅವರಲ್ಲಿ ಯಾರೋ ಒಬ್ಬರು ಸರಿಯಾಗಿ ನೋಡದೆ ಒಳಗೆ ಬಿಟ್ಟಿರುತ್ತಾರೆ. ಅದು ಯಾರು ಅಂತ ಹುಡುಕುತ್ತಾ ಓದಿದರೆ ಕಥೆಯ ರುಚಿಯೇ ಬೇರೆ.

ಸತ್ತ ಮೇಲೆ ಹೆಣ ಎಲ್ಲಿತ್ತು?

ನಮ್ಮ ಕಡೆ ಬೆಳಿಗ್ಗೆ ಹೋದವರನ್ನು ಸಾಮಾನ್ಯವಾಗಿ ಸಂಜೆಯೊಳಗೆ ಕಳಿಸಿಕೊಡುತ್ತೇವೆ. ಮಗಳು ದೂರದಿಂದ ಬರಬೇಕು ಅಂದರೆ ಒಂದು ರಾತ್ರಿ ಕಾಯಬಹುದು. ಚಟ್ಟ ಕಟ್ಟುವವರು ಅಕ್ಕಪಕ್ಕದವರು, ಹೆಗಲು ಕೊಡುವವರು ದಾಯಾದಿಗಳು. ಹಲಗೆ ಬಡಿಯುವವರು, ಗುಂಡಿ ತೋಡುವವರು ಇರುತ್ತಾರೆ. ಆದರೆ ಎಲ್ಲವನ್ನೂ ವಹಿಸಿಕೊಂಡು ಕೊನೆಗೆ ಒಂದು ಬಿಲ್ ಕೊಡುವ ಅಂಗಡಿ ನಮ್ಮ ಹಳ್ಳಿಗಳಲ್ಲಿ ಇಲ್ಲ. ಇಂಗ್ಲೆಂಡಿನಲ್ಲಿ ಈಗ ಸಾವಿಗೂ ಅಂತ್ಯಕ್ರಿಯೆಗೂ ನಡುವೆ ಎರಡು ಮೂರು ವಾರ ಆಗುವುದು ಮಾಮೂಲು. ಹಳೆಯ ಕಾಲದ ಕಥೆಯಾದರೆ ನಾಲ್ಕು ದಿನದಿಂದ ಒಂದು ವಾರ.

ಈ ನಡುವಿನ ದಿನಗಳೇ ಕಾದಂಬರಿಕಾರರ ಬಂಡವಾಳ. ಮೊದಲೆಲ್ಲ ಹೆಣ ಮನೆಯಲ್ಲೇ ಇರುತ್ತಿತ್ತು, ಬೀದಿ ಕಡೆಯ ಕೋಣೆಯಲ್ಲಿ, ಪರದೆ ಎಳೆದು. ನೆರೆಯವರು ಬಂದು ಮುಖ ನೋಡಿ ಹೋಗುತ್ತಿದ್ದರು. ಇಪ್ಪತ್ತನೇ ಶತಮಾನ ಮುಂದುವರಿದ ಹಾಗೆ ಹೆಣ ಮನೆಯಿಂದ ಅಂಗಡಿಗೆ ಹೋಯಿತು. ಅಲ್ಲಿ ಅದಕ್ಕೊಂದು ಕೋಣೆ, ಕೋಣೆಗೊಂದು ಬೀಗ. ಹಾಗಾಗಿ ಕಥೆ ಯಾವ ಕಾಲದ್ದು ಅಂತ ಮೊದಲು ನೋಡಿಕೊಳ್ಳಿ. 1910ರ ಕಥೆಯಾದರೆ ಆ ಕೋಣೆಗೆ ಊರಿನ ಯಾರು ಬೇಕಾದರೂ ಹೋಗಿರಬಹುದು. 1980ರ ಕಥೆಯಾದರೆ ಬೀಗದ ಕೈ ಯಾರ ಹತ್ತಿರ ಇತ್ತು ಅನ್ನುವುದೇ ಪ್ರಶ್ನೆ.

ಡಾಕ್ಟರ ಸಹಿ

ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರಿ ಲೆಕ್ಕದ ಜನನ ಮರಣ ನೋಂದಣಿ ಶುರುವಾದದ್ದು 1837ರ ಜುಲೈ 1ರಂದು. ಆದರೆ ಸಾವಿಗೆ ಕಾರಣ ಏನು ಅಂತ ಚಿಕಿತ್ಸೆ ಕೊಟ್ಟ ಡಾಕ್ಟರು ಬರೆದುಕೊಡಲೇಬೇಕು ಅನ್ನುವ ಕಟ್ಟುಪಾಡು ಬಂದದ್ದು 1874ರ ಕಾಯ್ದೆಯಲ್ಲಿ. ರಿಜಿಸ್ಟ್ರಾರರ ಚೀಟಿ ಅಥವಾ ಕರೋನರ್ ಆದೇಶ ಇಲ್ಲದೆ ಹೂಳಕೂಡದು ಅನ್ನುವ ಬಿಗಿ ಬಂದದ್ದು ಇನ್ನೂ ತಡವಾಗಿ, 1926ರಲ್ಲಿ. ಈಗ ರಿಜಿಸ್ಟ್ರಾರರು ಕೊಡುವ ಆ ಕಾಗದ ಹಸಿರು ಬಣ್ಣದ್ದು. ಅಲ್ಲಿಯ ಜನ ಅದನ್ನು ಹಸಿರು ಫಾರಂ ಅಂತಲೇ ಕರೆಯುತ್ತಾರೆ.

ಕೇಳಲು ಭದ್ರವಾಗಿದೆ ಅನಿಸುತ್ತದೆ, ಅಲ್ವಾ? ಇದರಲ್ಲಿ ಒಂದು ದೊಡ್ಡ ತೂತಿತ್ತು. ಹೂಳುವುದಾದರೆ, ಸತ್ತ ಮೇಲೆ ಡಾಕ್ಟರು ಹೆಣವನ್ನು ಕಣ್ಣಾರೆ ನೋಡಬೇಕು ಅನ್ನುವ ನಿಯಮ ಇರಲಿಲ್ಲ. ಸಾಯುವ ಕೆಲವು ದಿನ ಮುಂಚೆ ರೋಗಿಯನ್ನು ನೋಡಿದ್ದರೆ ಸಾಕು. "ಅಜ್ಜಿಗೆ ಎದೆನೋವು ಇತ್ತು, ನಿನ್ನೆ ರಾತ್ರಿ ಹೋಗಿಬಿಟ್ಟರು" ಅಂತ ಮನೆಯವರು ಹೇಳಿ ಕಳಿಸಿದರೆ, ಡಾಕ್ಟರು ಕೂತಲ್ಲೇ ಬರೆದುಕೊಡಬಹುದಿತ್ತು. ಮಳೆಯಲ್ಲಿ ಆರು ಮೈಲಿ ಕುದುರೆ ಗಾಡಿಯಲ್ಲಿ ಹೋಗಬೇಕಾದ ಹಳ್ಳಿ ಡಾಕ್ಟರನ್ನು ನೆನೆಸಿಕೊಳ್ಳಿ. ರೋಗಿಗೆ ಎಪ್ಪತ್ತೆಂಟು ವರ್ಷ. ಅವನು ಹೋಗುತ್ತಾನಾ?

ಅದಕ್ಕೇ ಈ ಕಾದಂಬರಿಗಳಲ್ಲಿ ಡಾಕ್ಟರು ಕೆಟ್ಟವನೇ ಆಗಿರಬೇಕಿಲ್ಲ. ದಣಿದವನಾಗಿದ್ದರೆ ಸಾಕು, ದಾಕ್ಷಿಣ್ಯಕ್ಕೆ ಸಿಕ್ಕಿದವನಾಗಿದ್ದರೆ ಸಾಕು. ಅವನ ಬಾಯಿಂದ "ನಾನು ಹೋಗಿ ನೋಡಿದೆ" ಅನ್ನುವ ಮಾತು ಬರುತ್ತದಾ, ಅಥವಾ "ನನಗೆ ಅವರ ಕಾಯಿಲೆ ಗೊತ್ತಿತ್ತು" ಅಂತ ಮಾತ್ರ ಹೇಳುತ್ತಾನಾ ಅಂತ ಗಮನಿಸಿ. ಈ ಎರಡು ವಾಕ್ಯಗಳ ನಡುವೆ ಒಂದು ಕೊಲೆ ಆರಾಮಾಗಿ ಅಡಗಿಕೊಳ್ಳಬಹುದು.

ಹೆಣದ ಮುಂದೆ ನಿಂತು ಕಾಗದ ಕೇಳುವುದು ಎಷ್ಟು ಕಲ್ಲೆದೆಯ ಕೆಲಸ ಅನ್ನುವುದು ನಮಗೆ ಹೊಸತಲ್ಲ. ತನ್ನ ಮಗನ ಹೆಣ ತಂದ ಹೆಂಡತಿಯನ್ನೇ ತಡೆದು ಸುಂಕ ಕೇಳಿದ ಹರಿಶ್ಚಂದ್ರನ ಕಥೆ ಕೇಳುತ್ತಲೇ ಬೆಳೆದವರು ನಾವು. ಆ ಕೆಲಸದಲ್ಲಿ ಇರುವವನು ಒಂದು ಸಲ ಕನಿಕರ ತೋರಿಸಿದರೆ ಏನಾಗುತ್ತದೆ? ಇಂಗ್ಲಿಷ್ ಹಳ್ಳಿಯ ಕಥೆಗಾರರು ಕೈ ಹಾಕುವುದು ಅಲ್ಲಿಗೇ.

ಕರೋನರ್ ಅನ್ನುವ ಹಳೇ ಅಧಿಕಾರಿ

ಅನುಮಾನದ ಸಾವಾದರೆ ನಮ್ಮಲ್ಲಿ ಪೊಲೀಸರು ಬಂದು, ಪಂಚರನ್ನು ಕರೆದು, ಮಹಜರು ಮಾಡುತ್ತಾರೆ. ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ಬೇರೆಯೇ ಒಬ್ಬ ಅಧಿಕಾರಿ. ಅವನೇ ಕರೋನರ್. ಈ ಹುದ್ದೆ ಹುಟ್ಟಿದ್ದು 1194ರಲ್ಲಿ. ಆಗ ರಾಜನ ಬೊಕ್ಕಸಕ್ಕೆ ಬರಬೇಕಾದ ದಂಡ, ಜಪ್ತಿಗಳ ಲೆಕ್ಕ ಇಡುವುದು ಅವನ ಕೆಲಸ. ಹೆಣದ ಸುತ್ತ ದುಡ್ಡು ಓಡಾಡುತ್ತಿತ್ತು, ಹಾಗಾಗಿ ಹೆಣದ ಉಸಾಬರಿ ಅವನಿಗೆ ಬಂತು. ಇಂದಿಗೂ ಅವನು ಕೇಳುವ ಪ್ರಶ್ನೆಗಳು ನಾಲ್ಕೇ: ಸತ್ತದ್ದು ಯಾರು, ಎಲ್ಲಿ, ಯಾವಾಗ, ಹೇಗೆ. ತಪ್ಪು ಯಾರದು ಅಂತ ತೀರ್ಪು ಕೊಡುವುದು ಅವನ ಕೆಲಸ ಅಲ್ಲ.

ಹಳ್ಳಿ ಕಾದಂಬರಿಗಳಲ್ಲಿ ಈ ವಿಚಾರಣೆ ಊರಿನ ಹೆಂಡದಂಗಡಿಯ ಮೇಲಿನ ಕೋಣೆಯಲ್ಲಿ ನಡೆಯುವುದನ್ನು ಓದಿ ನಗು ಬರಬಹುದು. ಅದು ಲೇಖಕರ ತಮಾಷೆ ಅಲ್ಲ. ಹಳ್ಳಿಯಲ್ಲಿ ಅಷ್ಟು ಜನ ಕೂರುವ ಜಾಗ ಅದೊಂದೇ ಇರುತ್ತಿತ್ತು. ಬೇರೆ ತಕ್ಕ ಜಾಗ ಇದ್ದರೆ ಅಲ್ಲಿ ನಡೆಸಕೂಡದು ಅಂತ 1902ರಲ್ಲಿ ಕಾನೂನು ಬಂತು. ಇನ್ನೂ ಒಂದು ವಿಷಯ ಇದೆ. 1926ರವರೆಗೆ ಜ್ಯೂರಿಯವರು ಹೆಣವನ್ನು ಖುದ್ದಾಗಿ ನೋಡಲೇಬೇಕಿತ್ತು. ಅಂದರೆ ಊರಿನ ಕಮ್ಮಾರ, ದಿನಸಿ ಅಂಗಡಿಯವನು, ಬಾಡಿಗೆ ರೈತ, ಎಲ್ಲರೂ ಸಾಲಾಗಿ ಹೋಗಿ ನೋಡಿ ಬರುತ್ತಿದ್ದರು. ಆ ಕಾಲದ ಕಥೆಯಲ್ಲಿ ಹನ್ನೆರಡು ಜೋಡಿ ಕಣ್ಣು ಹೆಣವನ್ನು ನೋಡಿವೆ. ಅದರಲ್ಲಿ ಒಂದು ಜೋಡಿ ಕಂಡದ್ದನ್ನು ಬಾಯಿ ಬಿಟ್ಟಿರುವುದಿಲ್ಲ.

ಆತ್ಮಹತ್ಯೆಯ ವಿಷಯಕ್ಕೆ ಬಂದರೆ ಊರೆಲ್ಲ ಒಂದಾಗಿ ಸುಳ್ಳು ಹೇಳುವುದನ್ನು ಈ ಕಥೆಗಳಲ್ಲಿ ಕಾಣುತ್ತೇವೆ. ಅದಕ್ಕೂ ಕಾರಣ ಇದೆ. 1823ರವರೆಗೆ ಹಾಗೆ ಸತ್ತವರನ್ನು ಕವಲುದಾರಿಯಲ್ಲಿ ಹೂಳುವ ಪದ್ಧತಿ ಇತ್ತು. 1961ರವರೆಗೆ ಅದು ಕಾನೂನಿನ ಕಣ್ಣಲ್ಲಿ ಅಪರಾಧವೇ ಆಗಿತ್ತು. ಹಾಗಾಗಿ ಜ್ಯೂರಿಯವರು ಕನಿಕರದಿಂದ "ಚಿತ್ತ ಸ್ವಾಧೀನ ಇಲ್ಲದಾಗ" ಅಂತ ಸೇರಿಸುತ್ತಿದ್ದರು. ಹಾಗೆ ಬರೆದರೆ ಚರ್ಚಿನ ಮಣ್ಣಲ್ಲಿ, ಪ್ರಾರ್ಥನೆಯೊಂದಿಗೆ ಹೂಳಬಹುದಿತ್ತು. ಊರವರ ಈ ಒಳ್ಳೆಯತನವನ್ನೇ ಕೊಲೆಗಾರ ಬಳಸಿಕೊಂಡರೆ? ಎಲ್ಲರೂ ಆತ್ಮಹತ್ಯೆಯನ್ನು ಮುಚ್ಚಿಡುತ್ತಿದ್ದೇವೆ ಅಂದುಕೊಂಡು ಕೊಲೆಯನ್ನು ಮುಚ್ಚಿಟ್ಟಿರುತ್ತಾರೆ. ಈ ತಿರುವು ಚೆನ್ನಾಗಿ ಬರೆದಾಗ ನನಗೆ ಬೇರೆಲ್ಲ ತಿರುವುಗಳಿಗಿಂತ ಜಾಸ್ತಿ ಇಷ್ಟ.

ಇನ್ನೊಂದು ಮಾತು. 1977ರವರೆಗೆ ಕರೋನರ್ ಜ್ಯೂರಿ ಕೊಲೆಗಾರ ಇಂಥವನೇ ಅಂತ ಹೆಸರು ಹೇಳಬಹುದಿತ್ತು. ಕೊನೆಯದಾಗಿ ಹಾಗೆ ಹೆಸರು ಹೇಳಿಸಿಕೊಂಡವನು ಲಾರ್ಡ್ ಲೂಕನ್, 1975ರಲ್ಲಿ. ಅದಕ್ಕೂ ಹಿಂದಿನ ಕಥೆಗಳಲ್ಲಿ ಇನ್‌ಕ್ವೆಸ್ಟ್, ಅಂದರೆ ಈ ಕರೋನರ್ ವಿಚಾರಣೆ, ಬಂತೆಂದರೆ ಎಲ್ಲರೂ ಯಾಕೆ ಬೆವರುತ್ತಾರೆ ಅಂತ ಇದರಿಂದ ಗೊತ್ತಾಗುತ್ತದೆ.

ಪೆಟ್ಟಿಗೆ ಮಾಡುವವನಿಗೆ ಏನೇನು ಗೊತ್ತು

ಈಗ ಕಥೆಯ ಮುಖ್ಯ ಜನ. ಹಳ್ಳಿಯಲ್ಲಿ ಅಂತ್ಯಕ್ರಿಯೆಯ ವ್ಯಾಪಾರ ಅಂತ ಪ್ರತ್ಯೇಕವಾಗಿ ಇರಲಿಲ್ಲ. ಗಾಡಿ ಚಕ್ರ ಮಾಡುವವನೋ, ಮನೆ ಕಟ್ಟುವ ಬಡಗಿಯೋ ಪೆಟ್ಟಿಗೆಯನ್ನೂ ಮಾಡುತ್ತಿದ್ದ. ಎಲ್ಮ್ ಮರದ ಹಲಗೆ ತಂದು, ಹೆಣದ ಅಳತೆ ತೆಗೆದುಕೊಂಡು, ರಾತ್ರೋರಾತ್ರಿ ಪೆಟ್ಟಿಗೆ ಕೂಡಿಸುತ್ತಿದ್ದ. ಇಂಗ್ಲಿಷ್ ಪೆಟ್ಟಿಗೆಗೆ ಆರು ಮೂಲೆ. ಭುಜದ ಹತ್ತಿರ ಅಗಲ, ಕಾಲಿನ ಕಡೆ ಕಿರಿದು. ಅಂದರೆ ಅದು ಒಬ್ಬರ ಮೈಗೆ ತಕ್ಕ ಹಾಗೆ ಮಾಡಿದ್ದು. ಪೆಟ್ಟಿಗೆ ಬೇಕಾದ್ದಕ್ಕಿಂತ ಆಳವಾಗಿದ್ದರೆ, ಉದ್ದ ಹೆಚ್ಚಾಗಿದ್ದರೆ, ಬಡಗಿಗೆ ಅದು ಗೊತ್ತು. ಕಥೆಯಲ್ಲಿ ಅವನು ಅಳತೆಯ ಬಗ್ಗೆ ಗೊಣಗಿದರೆ ಪುಟ ಮಡಿಸಿ ಇಟ್ಟುಕೊಳ್ಳಿ.

ಹೆಣವನ್ನು ತೊಳೆದು, ಕಣ್ಣು ಮುಚ್ಚಿ, ದವಡೆಗೆ ಬಟ್ಟೆ ಕಟ್ಟಿ, ಶುಭ್ರವಾಗಿ ಮಲಗಿಸುವ ಕೆಲಸ ಊರಿನ ಒಬ್ಬ ಹೆಂಗಸಿನದು. ಬಹಳ ಊರುಗಳಲ್ಲಿ ಅವಳೇ ಸೂಲಗಿತ್ತಿ. ಹುಟ್ಟಿಸಿದ ಕೈಯಲ್ಲೇ ಕಳಿಸಿಕೊಡುವುದೂ. ಡಾಕ್ಟರು ನೋಡದ್ದನ್ನು ಅವಳು ನೋಡಿರುತ್ತಾಳೆ. ಸತ್ತ ಮೇಲೆ ರಕ್ತ ಕೆಳಕ್ಕೆ ಇಳಿದು ಚರ್ಮದಲ್ಲಿ ನೀಲಿಗೆಂಪು ಕಲೆ ಮೂಡುತ್ತದೆ. ಕೆಲವು ಗಂಟೆಗಳಲ್ಲಿ ಅದು ಗಟ್ಟಿಯಾಗಿ ನಿಲ್ಲುತ್ತದೆ. ಬೆನ್ನ ಮೇಲೆ ಮಲಗಿದ್ದವಳ ಎದೆಯ ಮೇಲೆ ಆ ಕಲೆ ಇದ್ದರೆ, ಯಾರೋ ಹೆಣವನ್ನು ಆಮೇಲೆ ಮಗುಚಿದ್ದಾರೆ. ರೆಪ್ಪೆ ಮುಚ್ಚುವಾಗ ಕಣ್ಣಿನ ಬಿಳಿಯಲ್ಲಿ ಚುಕ್ಕೆ ಚುಕ್ಕೆ ರಕ್ತ ಕಂಡರೆ ಉಸಿರು ಕಟ್ಟಿಸಿರಬಹುದು. ಮೈ ಸೇಬಿನ ಹಾಗೆ ಕೆಂಪಗಿದ್ದರೆ ಕಲ್ಲಿದ್ದಲ ಅನಿಲ. ಇವಕ್ಕೆಲ್ಲ ಅವಳ ಹತ್ತಿರ ದೊಡ್ಡ ಹೆಸರುಗಳಿಲ್ಲ. ಆದರೆ ನೂರು ಹೆಣ ಮುಟ್ಟಿದವಳಿಗೆ ನೂರಾ ಒಂದನೆಯದು ಸರಿಯಿಲ್ಲ ಅಂತ ಗೊತ್ತಾಗುತ್ತದೆ.

ಗೊತ್ತಿದ್ದೂ ಇವರೆಲ್ಲ ಯಾಕೆ ಸುಮ್ನೆ ಇರುತ್ತಾರೆ? ಹೊಟ್ಟೆಪಾಡು. ಜಮೀನ್ದಾರರ ಮನೆಯ ಬೇಲಿ, ಬಾಗಿಲು, ಪೆಟ್ಟಿಗೆ ಎಲ್ಲ ಅದೇ ಬಡಗಿಯ ಕೈಯಿಂದ ಆಗಬೇಕು. ಡಾಕ್ಟರನ್ನು ಎದುರು ಹಾಕಿಕೊಂಡ ಸೂಲಗಿತ್ತಿಗೆ ಮುಂದಿನ ಹೆರಿಗೆಗೆ ಕರೆ ಬರುವುದಿಲ್ಲ. ಹಳ್ಳಿಯ ಕತ್ತಲೆ ಅಂತ ವಿಮರ್ಶಕರು ಹೇಳುವುದರಲ್ಲಿ ಮುಕ್ಕಾಲು ಪಾಲು ಇದೇ: ಯಾರಿಗೆ ಯಾರು ಕೆಲಸ ಕೊಡುತ್ತಾರೆ ಅನ್ನುವ ಲೆಕ್ಕ.

ಕಾಲ ಕಳೆದ ಹಾಗೆ ವ್ಯಾಪಾರಕ್ಕೂ ಗತ್ತು ಬಂತು. 1905ರಲ್ಲಿ ಹೆಣ ಸಾಗಿಸುವವರ ಸಂಘ, ಬ್ರಿಟಿಷ್ ಅಂಡರ್‌ಟೇಕರ್ಸ್ ಅಸೋಸಿಯೇಷನ್, ಆಯಿತು. 1935ರಲ್ಲಿ ಅದೇ ಸಂಘ ಹೆಸರು ಬದಲಿಸಿಕೊಂಡಿತು, ಅಂಡರ್‌ಟೇಕರ್ ಹೋಗಿ ಫ್ಯೂನೆರಲ್ ಡೈರೆಕ್ಟರ್ ಬಂದ. ಬೋರ್ಡ್ ಬದಲಾಯಿತು, ಕರಿ ಕೋಟು ಬಂತು, ಕುದುರೆ ಹೋಗಿ ಕಾರು ಬಂತು. ಹೆಣ ಕೆಡದ ಹಾಗೆ ಔಷಧ ಹಾಕುವುದು ಶುರುವಾಯಿತು. ರಕ್ತನಾಳದಿಂದ ರಕ್ತ ತೆಗೆದು ಫಾರ್ಮಾಲ್ಡಿಹೈಡ್ ದ್ರವ ತುಂಬುತ್ತಾರೆ. ಇದಾದ ಮೇಲೆ ಸಯನೈಡ್, ಮದ್ಯ ಮುಂತಾದವನ್ನು ಪತ್ತೆ ಹಚ್ಚುವುದು ಕಷ್ಟ. ಕಥೆಯಲ್ಲಿ ಯಾರಾದರೂ ಈ ಕೆಲಸ ಬೇಗ ಆಗಲಿ ಅಂತ ಅವಸರ ಮಾಡಿ ದುಡ್ಡು ಕೊಟ್ಟರೆ ಅವರ ಮೇಲೆ ಕಣ್ಣಿಡಿ. ಇಂಗ್ಲೆಂಡಿನಲ್ಲಿ ಈ ಅಂಗಡಿ ತೆರೆಯಲು ಸರ್ಕಾರದ ಪರವಾನಗಿಯೂ ಬೇಕಿಲ್ಲ. 2021ರಿಂದ ದರಪಟ್ಟಿಯನ್ನು ಗಿರಾಕಿಗಳಿಗೆ ಕಾಣುವ ಹಾಗೆ ಹಾಕಬೇಕು ಅನ್ನುವ ನಿಯಮ ಬಂದಿದೆ, ಅಷ್ಟೆ.

ಹೂಳುವುದಾ, ಸುಡುವುದಾ

ಇಡೀ ಕಥೆ ತಿರುಗುವುದು ಈ ಪ್ರಶ್ನೆಯ ಮೇಲೆ. ಹೂತದ್ದನ್ನು ಮತ್ತೆ ತೆಗೆಯಬಹುದು. ಸುಟ್ಟದ್ದನ್ನು ಆಗುವುದಿಲ್ಲ.

ಹೂತದ್ದು ಹೇಗೆ ಕೊಲೆಗಾರನನ್ನು ಹಿಡಿಯಿತು ಅನ್ನುವುದಕ್ಕೆ ವೇಲ್ಸ್ ಗಡಿಯ ಹೇ-ಆನ್-ವೈ ಅನ್ನುವ ಸಣ್ಣ ಊರಿನ ನಿಜವಾದ ಪ್ರಕರಣ ಇದೆ. ಹರ್ಬರ್ಟ್ ರೌಸ್ ಆರ್ಮ್‌ಸ್ಟ್ರಾಂಗ್ ಅಲ್ಲಿ ವಕೀಲ. 1921ರ ಫೆಬ್ರವರಿಯಲ್ಲಿ ಅವನ ಹೆಂಡತಿ ತೀರಿಕೊಂಡಳು. ಡಾಕ್ಟರು ಕಾಯಿಲೆ ಅಂತ ಬರೆದುಕೊಟ್ಟರು. ಪಕ್ಕದ ಕಸಪ್ ಹಳ್ಳಿಯ ಚರ್ಚಿನಲ್ಲಿ ಹೂಳಿದರು. ಎಲ್ಲ ಬಾಗಿಲು ದಾಟಿ ಆಯಿತು. ಅಲ್ಲಿಗೆ ಸುಮ್ಮನಿದ್ದಿದ್ದರೆ ಅವನು ಬಚಾವಾಗುತ್ತಿದ್ದನೋ ಏನೋ. ಆದರೆ ಅದೇ ಊರಿನ ಎದುರಾಳಿ ವಕೀಲನನ್ನು ಅಕ್ಟೋಬರ್‌ನಲ್ಲಿ ಚಹಾಕ್ಕೆ ಕರೆದ. ಬೆಣ್ಣೆ ಹಚ್ಚಿದ ತಿಂಡಿಯೊಂದನ್ನು ತನ್ನ ಕೈಯಾರೆ ಎತ್ತಿಕೊಟ್ಟ. ಆ ರಾತ್ರಿ ಎದುರಾಳಿಗೆ ವಾಂತಿ, ಹೊಟ್ಟೆನೋವು. ಅವನ ಮಾವ ಊರಿನ ಔಷಧಿ ಅಂಗಡಿಯವನು. ಆರ್ಮ್‌ಸ್ಟ್ರಾಂಗ್ ಕಳೆ ಕೊಲ್ಲಲು ಅಂತ ಪದೇ ಪದೇ ಪಾಷಾಣ, ಅಂದರೆ ಆರ್ಸೆನಿಕ್, ಕೊಂಡದ್ದು ಅವನಿಗೆ ನೆನಪಿತ್ತು. ಅಳಿಯನ ಮೂತ್ರ ಪರೀಕ್ಷೆಗೆ ಹೋಯಿತು, ಆರ್ಸೆನಿಕ್ ಸಿಕ್ಕಿತು.

ಪೊಲೀಸರು ಗುಟ್ಟಾಗಿ ತನಿಖೆ ನಡೆಸುತ್ತಿದ್ದರು. ಅಷ್ಟು ದಿನವೂ ಆರ್ಮ್‌ಸ್ಟ್ರಾಂಗ್ ಎದುರಾಳಿಯನ್ನು ಚಹಾಕ್ಕೆ ಬಾ ಬಾ ಅಂತ ಕರೆಯುತ್ತಲೇ ಇದ್ದ. ಅವನು ಒಂದೊಂದು ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದ. ಎದುರುಬದುರು ಆಫೀಸು ಬೇರೆ! ಕಾದಂಬರಿಯಲ್ಲಿ ಬರೆದಿದ್ದರೆ ಅತಿಯಾಯಿತು ಅನ್ನುತ್ತಿದ್ದೆವು. 1921ರ ಡಿಸೆಂಬರ್ 31ರಂದು ಬಂಧನ. ಜೇಬಿನಲ್ಲಿ ಪಾಷಾಣದ ಪೊಟ್ಟಣ. ಎರಡು ದಿನದ ಮೇಲೆ ಹೆಂಡತಿಯ ಸಮಾಧಿ ತೆಗೆದರು. ಹೂತು ಹತ್ತು ತಿಂಗಳಾಗಿತ್ತು. ಆ ಕಾಲದ ಹೆಸರಾಂತ ಶವಪರೀಕ್ಷೆ ತಜ್ಞ ಬರ್ನಾರ್ಡ್ ಸ್ಪಿಲ್ಸ್‌ಬರಿ ಪರೀಕ್ಷೆ ಮಾಡಿದರು. ಮೈತುಂಬ ಆರ್ಸೆನಿಕ್. 1922ರ ಮೇ 31ರಂದು ಅವನನ್ನು ಗಲ್ಲಿಗೇರಿಸಿದರು. ಬ್ರಿಟನ್ನಿನಲ್ಲಿ ಕೊಲೆಗಾಗಿ ನೇಣಿಗೆ ಹೋದ ವಕೀಲ ಅವನೊಬ್ಬನೇ.

ಆರ್ಸೆನಿಕ್ ಲೋಹದಂಥ ವಸ್ತು. ಕೂದಲು, ಉಗುರು, ಮೂಳೆಯಲ್ಲಿ ಕೂತುಬಿಡುತ್ತದೆ. ಎಷ್ಟೋ ವರ್ಷದ ಮೇಲೂ ಸಿಗುತ್ತದೆ. ಆದರೆ ಕೆಲವು ಕಡೆ ಮಣ್ಣಿನಲ್ಲೇ ಅದು ಇರುತ್ತದೆ. ಅದಕ್ಕೇ ಸಮಾಧಿ ತೆಗೆಯುವಾಗ ಪೆಟ್ಟಿಗೆಯ ಮೇಲಿನ, ಕೆಳಗಿನ, ಪಕ್ಕದ ಮಣ್ಣನ್ನೂ ಬೇರೆ ಬೇರೆ ಡಬ್ಬಿಯಲ್ಲಿ ತುಂಬಿಕೊಳ್ಳುತ್ತಾರೆ. ಇಲ್ಲದಿದ್ದರೆ "ವಿಷ ಮಣ್ಣಿನಿಂದ ಇಳಿದದ್ದು" ಅಂತ ಪ್ರತಿವಾದಿ ವಕೀಲ ಎದ್ದು ನಿಲ್ಲುತ್ತಾನೆ. ಸಮಾಧಿ ತೆಗೆಯಲು ಕರೋನರ್ ಆದೇಶ ಇರಬೇಕು. ಪೊಲೀಸ್ ವಿಷಯ ಅಲ್ಲದಿದ್ದರೆ, ಚರ್ಚಿನ ಪವಿತ್ರ ಮಣ್ಣಾದರೆ ಚರ್ಚಿನ ನ್ಯಾಯಾಲಯದ ಅನುಮತಿ, ಬೇರೆ ಕಡೆಯಾದರೆ ಸರ್ಕಾರದ ಲೈಸೆನ್ಸ್. ಪಾದ್ರಿ ಅಡ್ಡ ಬರುವ ದೃಶ್ಯಗಳ ಹಿಂದೆ ಇರುವುದು ಈ ಎರಡು ಅಧಿಕಾರಗಳ ಜಗ್ಗಾಟ.

ಇನ್ನು ಸುಡುವುದು. ನಮಗೆ ಇದು ಸಾವಿರಾರು ವರ್ಷದ ರೂಢಿ. ಅವರಿಗೆ ನಿನ್ನೆ ಮೊನ್ನೆಯದು. 1874ರಲ್ಲಿ ರಾಣಿಯ ಸರ್ಜನ್ ಸರ್ ಹೆನ್ರಿ ಥಾಂಪ್ಸನ್ ಇದಕ್ಕೊಂದು ಸಂಘ ಕಟ್ಟಿದರು. ವೋಕಿಂಗ್‌ನಲ್ಲಿ ಚಿತಾಗಾರ ಕಟ್ಟಿ 1879ರಲ್ಲಿ ಒಂದು ಕುದುರೆಯ ಹೆಣ ಸುಟ್ಟು ನೋಡಿದರು. ಊರವರು ಗಲಾಟೆ ಎಬ್ಬಿಸಿದರು, ಸರ್ಕಾರ ತಡೆಯಿತು. 1884ರಲ್ಲಿ ವೇಲ್ಸ್‌ನ ವಿಲಿಯಂ ಪ್ರೈಸ್ ಅನ್ನುವ ವಿಚಿತ್ರ ಡಾಕ್ಟರು ತನ್ನ ಕೂಸಿನ ಹೆಣವನ್ನು ಗುಡ್ಡದ ಮೇಲೆ ಸುಡಲು ಹೋಗಿ ಕಟಕಟೆ ಹತ್ತಿದರು. ಊರಿಗೆ ತೊಂದರೆ ಆಗದಿದ್ದರೆ ಸುಡುವುದು ಅಪರಾಧ ಅಲ್ಲ ಅಂತ ಜಡ್ಜ್ ಹೇಳಿದರು. ಮರುವರ್ಷ ವೋಕಿಂಗ್‌ನಲ್ಲಿ ಮೊದಲ ದಹನ ಆಯಿತು. 1902ರಲ್ಲಿ ಕಾಯ್ದೆ ಬಂತು.

ವಿರೋಧಕ್ಕೆ ಧರ್ಮ ಒಂದು ಕಾರಣ. ಇನ್ನೊಂದು ಕಾರಣ ಪಕ್ಕಾ ಪತ್ತೇದಾರಿಯದು: ಸುಟ್ಟರೆ ವಿಷದ ಗುರುತು ಹೋಗುತ್ತದೆ. ಅದಕ್ಕೆ ಹೂಳುವುದಕ್ಕಿಲ್ಲದ ಬಿಗಿಯನ್ನು ಸುಡುವುದಕ್ಕೆ ಹಾಕಿದರು. ಒಬ್ಬ ಡಾಕ್ಟರು ಹೆಣ ನೋಡಿ ಬರೆಯಬೇಕು. ಸಂಬಂಧ ಇಲ್ಲದ ಎರಡನೇ ಡಾಕ್ಟರು ಮತ್ತೆ ನೋಡಿ ವಿಚಾರಿಸಿ ಬರೆಯಬೇಕು. ಚಿತಾಗಾರದ ಮೂರನೇ ಡಾಕ್ಟರು ಕಾಗದ ಪರಿಶೀಲಿಸಬೇಕು. ಪ್ರತಿ ಸಹಿಗೆ ಫೀಸು. ಡಾಕ್ಟರುಗಳು ತಮ್ಮೊಳಗೆ ಅದನ್ನು "ಬೂದಿ ಕಾಸು" ಅನ್ನುತ್ತಿದ್ದರು. ಕಥೆಯಲ್ಲಿ ಮನೆಯವರು ಸುಡಲು ಹಟ ಹಿಡಿದರೆ ಪತ್ತೇದಾರ ಅನುಮಾನ ಪಡುವುದು ಇದಕ್ಕೇ. ಜಾಣ ಲೇಖಕರು ಇದನ್ನೇ ತಿರುಗಿಸಿ, ಸುಡಲು ಹಟ ಹಿಡಿದವರನ್ನು ಅಮಾಯಕರನ್ನಾಗಿ ಮಾಡಿ, "ನಮ್ಮ ವಂಶದಲ್ಲಿ ಹೂಳುವುದೇ ಪದ್ಧತಿ" ಅಂದವರನ್ನು ಕೊನೆಗೆ ಹಿಡಿಯುತ್ತಾರೆ.

ಮೂರು ಸಹಿಯ ಈ ಬೇಲಿ ನಿಜಕ್ಕೂ ತಡೆಯಿತಾ? ಮ್ಯಾಂಚೆಸ್ಟರ್ ಹತ್ತಿರದ ಹೈಡ್ ಊರಿನ ಡಾಕ್ಟರ್ ಹೆರಾಲ್ಡ್ ಶಿಪ್‌ಮನ್ ವರ್ಷಗಟ್ಟಲೆ ತನ್ನ ರೋಗಿಗಳಿಗೆ ನೋವು ನಿವಾರಕ ಮಾದಕ ಚುಚ್ಚಿ ಕೊಂದ. ತಾನೇ ಮರಣ ಪ್ರಮಾಣಪತ್ರ ಬರೆದ. ಎರಡನೇ ಸಹಿ ರಸ್ತೆಯಾಚೆಯ ಕ್ಲಿನಿಕ್ಕಿನ ಡಾಕ್ಟರುಗಳದು. ಸಹೋದ್ಯೋಗಿ ಅನ್ನುವ ನಂಬಿಕೆಯಲ್ಲಿ ಅವರು ಹಾಕುತ್ತಾ ಹೋದರು. 2000ದ ಜನವರಿಯಲ್ಲಿ 15 ಕೊಲೆಗಳಿಗೆ ಶಿಕ್ಷೆ ಆಯಿತು. ಆಮೇಲೆ ಡೇಮ್ ಜಾನೆಟ್ ಸ್ಮಿತ್ ಆಯೋಗ 215 ಕೊಲೆಗಳನ್ನು ಖಚಿತವಾಗಿ ಗುರುತಿಸಿತು.

ಇದನ್ನು ಮೊದಲು ಗಮನಿಸಿದವರು ಯಾರು ಅನ್ನುವುದು ನಮ್ಮ ವಿಷಯಕ್ಕೆ ಮುಖ್ಯ. ಊರಿನ ಅಂತ್ಯಕ್ರಿಯೆ ಅಂಗಡಿಯವರು. ಈ ಡಾಕ್ಟರ ರೋಗಿಗಳು ಬಹಳ ಸಾಯುತ್ತಿದ್ದಾರೆ. ಹೆಚ್ಚಿನವರು ಒಂಟಿಯಾಗಿದ್ದ ವಯಸ್ಸಾದ ಹೆಂಗಸರು. ಹಾಸಿಗೆ ಹಿಡಿದವರ ಹಾಗೆ ಅಲ್ಲ, ಹೊರಗೆ ಹೊರಡುವ ಬಟ್ಟೆ ತೊಟ್ಟು ಕುರ್ಚಿಯಲ್ಲಿ ಕೂತ ಹಾಗೆ ಸಿಗುತ್ತಿದ್ದಾರೆ. ಅಂಗಡಿಯವರು ಈ ಮಾತನ್ನು ರಸ್ತೆಯಾಚೆಯ ಕ್ಲಿನಿಕ್ಕಿನ ಡಾಕ್ಟರ್ ಒಬ್ಬರ ಕಿವಿಗೆ ಹಾಕಿದರು. ಅವರು 1998ರ ಮಾರ್ಚ್‌ನಲ್ಲಿ ಕರೋನರ್‌ಗೆ ತಿಳಿಸಿದರು. ಪೊಲೀಸರು ಮೇಲುಮೇಲಕ್ಕೆ ವಿಚಾರಿಸಿ ಏನೂ ಇಲ್ಲ ಅಂದರು. ಅದಾದ ಮೇಲೆ ಇನ್ನೂ ಮೂವರನ್ನು ಶಿಪ್‌ಮನ್ ಕೊಂದ. ಕೊನೆಯವರು 81 ವರ್ಷದ ಹೆಂಗಸು. ಅವರ ಹೆಸರಲ್ಲಿ ಅವನು ಮಾಡಿದ ಖೋಟಾ ಉಯಿಲು ವಕೀಲೆಯಾಗಿದ್ದ ಮಗಳ ಕಣ್ಣಿಗೆ ಬಿತ್ತು. ಅವರನ್ನು ಸುಟ್ಟಿರಲಿಲ್ಲ, ಹೂತಿದ್ದರು. 1998ರ ಆಗಸ್ಟ್‌ನಲ್ಲಿ ಸಮಾಧಿ ತೆಗೆದು ನೋಡಿದಾಗ ಮಾದಕದ ಅಂಶ ಸಿಕ್ಕಿತು.

ಹೆಣ ಸಾಗಿಸುವವರನ್ನು ಕಾದಂಬರಿಯಲ್ಲಿ ನಗೆಪಾಟಲಿಗೋ, ಹೆದರಿಸುವುದಕ್ಕೋ ಮಾತ್ರ ಬಳಸುವ ಲೇಖಕರ ಬಗ್ಗೆ ನನಗೆ ಅಸಮಾಧಾನ ಇರುವುದು ಇದಕ್ಕೇ. ಊರಿನ ಸಾವುಗಳ ಲೆಕ್ಕ ಬೇರೆ ಯಾರ ಹತ್ತಿರವೂ ಹೀಗೆ ಒಂದೇ ಪುಸ್ತಕದಲ್ಲಿ ಇರುವುದಿಲ್ಲ. ಡಾಕ್ಟರಿಗೆ ತನ್ನ ರೋಗಿಗಳು ಮಾತ್ರ ಗೊತ್ತು. ಪಾದ್ರಿಗೆ ತನ್ನ ಚರ್ಚಿನವರು ಮಾತ್ರ. ಇವನಿಗೆ ಎಲ್ಲರೂ ಗಿರಾಕಿಗಳೇ.

ಒಂದು ಹೆಣ ಜಾಸ್ತಿ

ಈ ಪಂಗಡದ ಕಥೆಗಳ ಇನ್ನೊಂದು ಮೆಚ್ಚಿನ ಉಪಾಯ, ಹೆಣವನ್ನು ಹೆಣಗಳ ನಡುವೆಯೇ ಬಚ್ಚಿಡುವುದು. ಹೊಸದಾಗಿ ತೋಡಿದ ಗುಂಡಿಗಿಂತ ಒಳ್ಳೆಯ ಜಾಗ ಎಲ್ಲಿದೆ? ಹಿಂದಿನ ರಾತ್ರಿ ಇನ್ನೆರಡು ಅಡಿ ಆಳ ತೋಡಿ, ಹೆಣ ಹಾಕಿ, ಮಣ್ಣು ಎಳೆದರೆ ಮುಗಿಯಿತು. ಮರುದಿನ ಪಾದ್ರಿ ಬಂದು ಮಂತ್ರವನ್ನೂ ಹೇಳುತ್ತಾನೆ. ಇದಕ್ಕೆ ಅಡ್ಡ ಬರುವವನು ಗುಂಡಿ ತೋಡುವ ಮುದುಕ. ಗಂಡ ಹೆಂಡತಿ ಇಬ್ಬರಿಗೂ ಒಂದೇ ಗುಂಡಿ ಅಂತ ಆಳವಾಗಿ ತೋಡುವ ಪದ್ಧತಿ ಅಲ್ಲಿದೆ. ಮೊದಲು ಹೋದವರು ಕೆಳಗೆ, ಆಮೇಲಿನವರು ಮೇಲೆ. ಎಷ್ಟು ತೋಡಿದ್ದೆ, ಮಣ್ಣು ಎಷ್ಟು ಹಸಿಯಿತ್ತು ಅಂತ ಅವನ ಗುದ್ದಲಿಗೆ ನೆನಪಿರುತ್ತದೆ. ಪೆಟ್ಟಿಗೆಯೊಳಗೇ ಎರಡು ಹೆಣ ಇಟ್ಟರೆ ಹೊರುವವರ ಹೆಗಲಿಗೆ ತಿಳಿಯುತ್ತದೆ. ಸಣ್ಣಗಿನ ಮುದುಕಿ ಇಷ್ಟು ಭಾರವಾ ಅಂತ ಯಾರೋ ಒಬ್ಬ ಹೆಂಡದಂಗಡಿಯಲ್ಲಿ ಹೇಳಿಯೇ ಹೇಳುತ್ತಾನೆ.

ಹೆಣ ಕದಿಯುವ ಕಥೆಗಳಿಗೂ ಇತಿಹಾಸದ ಬೇರಿದೆ. ವೈದ್ಯಕೀಯ ಶಾಲೆಗಳಿಗೆ ಕೊಯ್ದು ಕಲಿಸಲು ಹೆಣ ಬೇಕಿತ್ತು, ಕಾನೂನು ಕೊಡುತ್ತಿದ್ದದ್ದು ಗಲ್ಲಿಗೇರಿದವರದು ಮಾತ್ರ. ಹೆಣ ಯಾರ ಆಸ್ತಿಯೂ ಅಲ್ಲ, ಹಾಗಾಗಿ ಕದ್ದರೆ ಸಣ್ಣ ಶಿಕ್ಷೆ. ಮೈಮೇಲಿನ ಬಟ್ಟೆ ಕದ್ದರೆ ದೊಡ್ಡ ಶಿಕ್ಷೆ. ಅದಕ್ಕೆ ಕಳ್ಳರು ಹೊದಿಕೆಯನ್ನು ಗುಂಡಿಗೇ ಎಸೆದು ಬರಿ ಹೆಣ ಒಯ್ಯುತ್ತಿದ್ದರು. ಸ್ಕಾಟ್ಲೆಂಡಿನ ಹಳ್ಳಿಗಳಲ್ಲಿ ಸಮಾಧಿಯ ಮೇಲೆ ಕಬ್ಬಿಣದ ಪಂಜರ ಇಡುತ್ತಿದ್ದರು. ಹೆಣ ಕೊಳೆತು ಕೊಯ್ಯಲು ಬಾರದ ಹಾಗಾದ ಮೇಲೆ ಪಂಜರ ತೆಗೆದು ಮುಂದಿನವರಿಗೆ. 1828ರಲ್ಲಿ ಎಡಿನ್‌ಬರೋದ ಬರ್ಕ್ ಮತ್ತು ಹೇರ್ ಅಗೆಯುವ ಕಷ್ಟವೇ ಬೇಡ ಅಂತ 16 ಜನರನ್ನು ಕೊಂದು ಮಾರಿದರು. 1832ರ ಕಾಯ್ದೆ, ವಾರಸುದಾರರಿಲ್ಲದ ಬಡವರ ಹೆಣಗಳನ್ನು ಶಾಲೆಗಳಿಗೆ ಕೊಡಲು ದಾರಿ ಮಾಡಿ, ಆ ವ್ಯಾಪಾರ ನಿಲ್ಲಿಸಿತು. ಬಡವರಿಗೆ ಸರ್ಕಾರಿ ಅನಾಥಾಲಯದಲ್ಲಿ ಸಾಯುವುದೆಂದರೆ ಯಾಕೆ ಅಷ್ಟು ದಿಗಿಲು ಅಂತ ಹಳೇ ಕಥೆಗಳಲ್ಲಿ ಕೇಳಿಕೊಂಡಿದ್ದರೆ, ಉತ್ತರ ಇಲ್ಲಿದೆ.

ಕೊಲೆಯೇ ಇಲ್ಲದೆಯೂ ಈ ವ್ಯಾಪಾರ ಎಷ್ಟು ಕತ್ತಲಾಗಬಹುದು ಅನ್ನುವುದಕ್ಕೆ ಅಮೆರಿಕದ ಜಾರ್ಜಿಯಾ ರಾಜ್ಯದ ನೋಬಲ್ ಅನ್ನುವ ಹಳ್ಳಿ ಸಾಕ್ಷಿ. 2002ರಲ್ಲಿ ಅಲ್ಲಿಯ ಚಿತಾಗಾರದ ಜಾಗದಲ್ಲಿ, ಮರಗಳ ನಡುವೆ, ಶೆಡ್ಡುಗಳಲ್ಲಿ 334 ಹೆಣಗಳು ಸಿಕ್ಕವು. ಸುಡಲು ದುಡ್ಡು ತೆಗೆದುಕೊಂಡು ಸುಟ್ಟಿರಲಿಲ್ಲ. ಮನೆಯವರಿಗೆ ಬೂದಿ ಅಂತ ಕೊಟ್ಟದ್ದರಲ್ಲಿ ಸಿಮೆಂಟ್ ಪುಡಿ ಇತ್ತು. ಯಾರೂ ಯಾರನ್ನೂ ಕೊಂದಿರಲಿಲ್ಲ.

ಇಷ್ಟು ತಿಳಿದಿದ್ದರೆ ಲೇಖಕರ ಮೇಲೂ ಕಣ್ಣಿಡಬಹುದು. ಇಬ್ಬರು ಡಾಕ್ಟರ ಸಹಿಯ ಪದ್ಧತಿಯನ್ನು ಇಂಗ್ಲೆಂಡಿನಲ್ಲಿ 2020ರ ಕೋವಿಡ್ ಸಮಯದಲ್ಲಿ ಕೈಬಿಟ್ಟರು, ಅದು ಮತ್ತೆ ಬರಲಿಲ್ಲ. 2024ರ ಸೆಪ್ಟೆಂಬರ್ 9ರಿಂದ, ಕರೋನರ್‌ಗೆ ಹೋಗದ ಪ್ರತಿ ಸಾವಿನ ಕಾರಣವನ್ನೂ ಮೆಡಿಕಲ್ ಎಕ್ಸಾಮಿನರ್ ಅನ್ನುವ ಸ್ವತಂತ್ರ ಡಾಕ್ಟರು ಪರಿಶೀಲಿಸಬೇಕು, ಹೂಳಲಿ ಸುಡಲಿ. ಶಿಪ್‌ಮನ್ ಸಿಕ್ಕಿಬಿದ್ದ ಮೇಲೆ ಇಪ್ಪತ್ತಾರು ವರ್ಷ ಹಿಡಿಯಿತು ಇದಕ್ಕೆ. ಹಾಗಾಗಿ ಇನ್ನು ಮುಂದೆ ಬರುವ ಕಾದಂಬರಿಯಲ್ಲಿ, ಮೊಬೈಲು, ಸಿಸಿಟಿವಿ ಎಲ್ಲ ಇದ್ದೂ, ಹಳ್ಳಿ ಡಾಕ್ಟರು ಒಬ್ಬನೇ ಗೀಚಿಕೊಟ್ಟ ಚೀಟಿಯ ಮೇಲೆ ಅತ್ತೆಯನ್ನು ಮಣ್ಣು ಮಾಡಿ ಮುಗಿಸಿದ್ದರೆ, ಅಲ್ಲಿ ತಪ್ಪು ಮಾಡಿದವರು ಸೊಸೆಯೇ ಆಗಿರಬೇಕಿಲ್ಲ. ಲೇಖಕರೂ ಇರಬಹುದು.